ತಗಡು ದೋಣಿಗೆ ಹಿತ್ತಾಳೆಯ ಸಿಂಗಾರ

ಹಿತ್ತಾಳೆ ಮೇಸ್ತ್ರಿಗೆ ಜಗತ್ತಿನಲ್ಲಿ ಮೆಚ್ಚುಗೆಯಾದ ವಸ್ತು ಒಂದೇ, ಹಿತ್ತಾಳೆ. ಮೆಚ್ಚುಗೆಯಾದ ಮನುಷ್ಯನೂ ಒಬ್ಬನೇ; ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಅವನ ಮೀಸೆ ತೀಡಿದ ಮೇಲೆಯೇ ಮೇಸ್ತ್ರಿ ಕೆಲಸಕ್ಕೆ ಕೂರುತ್ತಿದ್ದ. ಉಳಿದದ್ದೆಲ್ಲ ಅವನ ಪಾಲಿಗೆ ತಗಡು. ಎದುರುಮನೆಯ ಗುಮಾಸ್ತ ತಗಡು, ಗುಮಾಸ್ತನ ಸ್ಕೂಟರ್ ತಗಡು, ಈಗಿನ ಕಾಲದ ಬಡಗಿಗಳು ತಗಡು, ಅವನ ಹಲ್ಲು ಕಿತ್ತ ಡಾಕ್ಟರಂತೂ ಶುದ್ಧ ತಗಡು. ಎದುರಿಗೆ ಸಿಕ್ಕಾಗ ಜನ ‘ಮೇಸ್ತ್ರಿಗಳೇ’ ಎಂದು ತಲೆಯಾಡಿಸುತ್ತಿದ್ದರು, ಅವನು ಬೆನ್ನು ತಿರುಗಿಸಿದ ಕೂಡಲೇ ಏಕವಚನಕ್ಕೆ ಇಳಿಯುತ್ತಿದ್ದರು. ಈ ಕಥೆಗೂ ಏಕವಚನವೇ ಸಾಕು.

ಕಸುಬುದಾರ ಹೌದು, ಅದನ್ನು ಇಲ್ಲವೆನ್ನಲಾಗದು. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಮರಳಿನ ಅಚ್ಚಿಗೆ ಕರಗಿದ ಹಿತ್ತಾಳೆ ಹೊಯ್ದು, ಅರದಿಂದ ಉಜ್ಜಿ, ತಿರುಗುವ ಚಕ್ರಕ್ಕೆ ಹಿಡಿದು ಹೊಳಪು ಕೊಟ್ಟು, ಬಾಗಿಲ ಹಿಡಿಕೆ, ಕೀಲು, ಚಿಲಕ, ಹೆಸರಿನ ಫಲಕ ಮಾಡುತ್ತಿದ್ದ. ಮಾಡಿದ್ದು ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಆದರೆ ಆ ಹಿಡಿಕೆಯ ಆಚೆಗೆ ಒಂದು ಬಾಗಿಲು ಇರುತ್ತದೆ, ಬಾಗಿಲಿನ ಆಚೆಗೆ ಒಬ್ಬ ಮನುಷ್ಯ ಇರುತ್ತಾನೆ ಎಂಬುದು ಅವನ ತಲೆಗೆ ಎಂದೂ ಹೊಕ್ಕಿರಲಿಲ್ಲ. ಸ್ವಂತ ಅಡುಗೆಮನೆಯ ಕಪಾಟಿಗೇ ಎಂಥ ಭಾರದ ಹಿಡಿಕೆ ಕೂರಿಸಿದ್ದನೆಂದರೆ, ಬಾಗಿಲು ಜೋತುಬಿದ್ದು ನೆಲ ಕೆರೆಯುತ್ತಿತ್ತು. ಅದನ್ನು ತೆರೆಯಲು ಹೆಂಡತಿ ಒಂದು ಕಾಲಿನಿಂದ ಬಾಗಿಲನ್ನು ಎತ್ತಿ ಹಿಡಿದು ಎಳೆಯಬೇಕಿತ್ತು. “ಮರ ಸರಿ ಇಲ್ಲ” ಎಂದು ಮೇಸ್ತ್ರಿ ತೀರ್ಪು ಕೊಟ್ಟಿದ್ದ. ಹಿಡಿಕೆ ಅಲ್ಲೇ ಇತ್ತು.

ಹೆಂಡತಿಗೆ ಅವನ ಮೇಲೆ ಕೋಪವಿರಲಿಲ್ಲ. ಕೋಪ ಮಗಳು ಹುಟ್ಟುವ ಹೊತ್ತಿಗೇ ಆರಿಹೋಗಿತ್ತು. ಉಳಿದಿದ್ದು ತಾತ್ಸಾರ; ಅದಕ್ಕೆ ಸೌದೆ ಬೇಡ, ಗಾಳಿ ಬೇಡ, ತನ್ನಷ್ಟಕ್ಕೆ ಉರಿಯುತ್ತಿರುತ್ತದೆ. ಅವನು ಮಾತಾಡುವಾಗ ಅವಳು “ಹೂಂ” ಎನ್ನುತ್ತಿದ್ದಳು. ಆ ‘ಹೂಂ’ನಲ್ಲಿ ಎಷ್ಟು ಅಸಡ್ಡೆ ಇತ್ತೆಂದು ಅವನಿಗೆ ಗೊತ್ತಾಗಿದ್ದರೆ ಊಟ ಬಿಡುತ್ತಿದ್ದ. ಗೊತ್ತಾಗಲಿಲ್ಲ. ಅವನು ಚೆನ್ನಾಗಿಯೇ ಉಂಡ.

ಅವಳಿಗೆ ಇದ್ದ ಸುಖ ಒಂದೇ, ಮೀನು ಹಿಡಿಯುವುದು. ಊರಿನ ಆಚೆಗೆ ಹೊಳೆ ಸಮುದ್ರ ಸೇರುವ ಅಳಿವೆ, ಅಲ್ಲೊಂದು ಹಳೆಯ ಕಟ್ಟೆ. ವಾರಕ್ಕೊಂದು ಸಲ ಮನೆಗೆಲಸ ಮುಗಿಸಿ, ಡಬ್ಬಿಯಲ್ಲಿ ಎರೆಹುಳು ಹಾಕಿಕೊಂಡು, ಹಳೇ ಕೊಡೆಯ ಚೀಲದಲ್ಲಿ ಗಾಳದ ಕೋಲು ತುರುಕಿಕೊಂಡು ಅವಳು ಅಲ್ಲಿ ಹೋಗಿ ಕೂರುತ್ತಿದ್ದಳು. ಕಟ್ಟೆಯ ಜನ ಅವಳನ್ನು ‘ಗಾಳದಮ್ಮ’ ಎಂದು ಕರೆಯುತ್ತಿದ್ದರು. ಸಿಗುತ್ತಿದ್ದದ್ದು ಬೆರಳುದ್ದದ ಮೀನುಗಳು. ದೊಡ್ಡವೆಲ್ಲ ಇದ್ದದ್ದು ನೀರಿನ ನಟ್ಟನಡುವೆ, ಎಂದೋ ಬಿದ್ದುಹೋದ ಸೇತುವೆಯ ಎರಡು ಕಂಬಗಳ ಬುಡದಲ್ಲಿ. ಅಲ್ಲಿ ನೀರು ಸುಳಿ ತಿರುಗುವುದು, ಬಾಲ ಬಡಿದು ಮೀನು ಮೇಲೇಳುವುದು ಅವಳಿಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಎಷ್ಟು ಬೀಸಿ ಎಸೆದರೂ ಗಾಳ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಭುಜದ ನೋವು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಕೈಗೆ ಹುಟ್ಟು ಎಳೆಯುವ ಶಕ್ತಿ ಇರುವಾಗಲೇ ಒಂದು ಸಲ ಆ ಕಂಬದ ಬುಡದಲ್ಲಿ ಗಾಳ ಇಳಿಸಬೇಕು. ಅವಳಿಗೆ ಬೇಕಿದ್ದದ್ದು ಇಷ್ಟೇ, ಇದಕ್ಕಿಂತ ದೊಡ್ಡದೇನನ್ನೂ ಅವಳು ಆ ಮನೆಯಲ್ಲಿ ಕೂತು ಬಯಸುವ ಅಭ್ಯಾಸ ಇಟ್ಟುಕೊಂಡಿರಲಿಲ್ಲ.

ಇದನ್ನು ಅವಳು ಗಂಡನಿಗೆ ಹೇಳಿರಲಿಲ್ಲ. ಹೇಳಿದ್ದು ಅಳಿಯನಿಗೆ, ಅದೂ ಪಾತ್ರೆ ತೊಳೆಯುತ್ತಾ ಬಾಯಿ ತಪ್ಪಿ.

ಅಳಿಯ ಅಲ್ಯೂಮಿನಿಯಂ ಕಿಟಕಿ ಕೂರಿಸುವವನು. ಮೇಸ್ತ್ರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ? ಊರಿನಲ್ಲಿ ಮರದ ಕಿಟಕಿಗಳೆಲ್ಲ ಹೋಗಿ ಅಲ್ಯೂಮಿನಿಯಂ ಬಂದು, ಹಿತ್ತಾಳೆ ಚಿಲಕ ಕೇಳುವವರೇ ಇಲ್ಲವಾಗಿದ್ದ ಹೊತ್ತಿನಲ್ಲಿ ಮಗಳು ಹೋಗಿ ಹೋಗಿ ಅವನನ್ನೇ ಮೆಚ್ಚಿಕೊಂಡಿದ್ದಳು. ಮೇಸ್ತ್ರಿ ಅವನನ್ನು ಎದುರಿಗೇ ‘ತಗಡು’ ಎನ್ನುತ್ತಿದ್ದ. ಅಳಿಯ ಹಲ್ಲು ಬಿಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಆ ಹುಡುಗ ಹಿತ್ತಿಲಿಗೆಂದು ಒಂದು ದೊಡ್ಡ ಅಲ್ಯೂಮಿನಿಯಂ ಹಂಡೆ ತಂದುಕೊಟ್ಟಿದ್ದ. ಮೇಸ್ತ್ರಿ ಮೂಗು ಮುರಿಯುತ್ತಲೇ ಅದಕ್ಕೆ ತಾನು ಎರಕ ಹೊಯ್ದ ಹಿತ್ತಾಳೆ ನಲ್ಲಿ ಕೂರಿಸಿದ. ಅಲ್ಲಿನ ಬಾವಿ ನೀರು ಉಪ್ಪು. ವರ್ಷ ಕಳೆಯುವುದರೊಳಗೆ ನಲ್ಲಿಯ ಬುಡದಲ್ಲಿ ಬಿಳಿ ಪುಡಿ ಎದ್ದು, ಹಂಡೆ ತೂತಾಗಿ, ನೀರೆಲ್ಲ ಹಿತ್ತಿಲಿಗೆ ಹರಿಯಿತು. ಆವತ್ತಿನ ಮೇಸ್ತ್ರಿಯ ಸಂಭ್ರಮ ನೋಡಬೇಕಿತ್ತು. ಮನೆಗೆ ಯಾರು ಬಂದರೂ ಅವರನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಆ ತೂತು ತೋರಿಸುತ್ತಿದ್ದ. “ಇದು ನೋಡಿ ತಗಡಿನ ಹಣೆಬರಹ!” ಅಳಿಯ ಪಕ್ಕದಲ್ಲೇ ನಿಂತಿರುತ್ತಿದ್ದ.

ಅಂಥ ಅಳಿಯ ಒಂದು ಭಾನುವಾರ ತಳ್ಳುಗಾಡಿಯ ಮೇಲೆ ಒಂದು ಪುಟ್ಟ ಅಲ್ಯೂಮಿನಿಯಂ ದೋಣಿ ಹೇರಿಕೊಂಡು ಬಂದ. ಯಾವುದೋ ಮೀನುಗಾರಿಕೆ ಶಾಲೆಯವರು ಗುಜರಿಗೆ ಹಾಕಿದ್ದಂತೆ. ಇಬ್ಬರು ಕೂರಬಹುದು, ಎರಡು ಅಡ್ಡ ಹಲಗೆ, ಅಲ್ಲಲ್ಲಿ ತಗ್ಗು, ಆದರೆ ಎಲ್ಲೂ ಸೋರಿಕೆಯಿಲ್ಲ.

“ಅತ್ತೆ, ಇದು ನಿಮಗೆ” ಎಂದ. “ಎರಡು ಹುಟ್ಟು ಹಾಕಿಕೊಟ್ಟರೆ ಮುಗೀತು. ಮುಂದಿನ ವಾರ ಕಂಬದ ಹತ್ರ ಹೋಗಬಹುದು.”

ಅವಳು ದೋಣಿಯ ಅಂಚು ಮುಟ್ಟಿ ನೋಡಿದಳು. ಏನಾದರೂ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಕಾರ್ಖಾನೆಯ ಬಾಗಿಲಿನಿಂದ ದನಿ ಬಂತು.

“ಏನಯ್ಯಾ ತಗಡು, ಈ ಸಲ ನಿಮ್ಮತ್ತೇನ ಮುಳುಗಿಸೋಕೆ ಹೊರಟಿದ್ದೀಯಾ?”

ಮೇಸ್ತ್ರಿ ದೋಣಿಯ ಸುತ್ತ ಒಂದು ಸುತ್ತು ಬಂದ. ಬೆರಳಿನಿಂದ ತಟ್ಟಿದ. ಡಬ್ಬದಂಥ ಸದ್ದು ಬಂತು. ಮುಖ ಸಿಂಡರಿಸಿ, “ನನ್ನ ಮನೆಯಿಂದ ಹೀಗೆ ಇದು ಹೊರಗೆ ಹೋದರೆ ಜನ ಉಗೀತಾರೆ. ಬಿಡು, ನಾನೇ ಸರಿ ಮಾಡ್ತೀನಿ” ಎಂದ. ದೋಣಿ ಯಾರದು ಎಂದು ಕೇಳಲಿಲ್ಲ. ಕೇಳುವ ಅಗತ್ಯವೇ ಅವನಿಗೆ ಕಾಣಲಿಲ್ಲ.

ಅಲ್ಲಿಂದ ಶುರುವಾಯಿತು. ಮುಂದಿನ ವಾರ ಹೋಗಬೇಕಿದ್ದ ದೋಣಿ ತಿಂಗಳುಗಟ್ಟಲೆ ಅಂಗಳದಲ್ಲಿ ಕವುಚಿ ಬಿದ್ದಿತ್ತು. ಮೇಸ್ತ್ರಿಗೆ ಗಿರಾಕಿಗಳು ಹೇಗೂ ಇರಲಿಲ್ಲ, ಇಡೀ ಕಾರ್ಖಾನೆ ದೋಣಿಯ ಸೇವೆಗೆ ನಿಂತಿತು. ಮೊದಲು ಹುಟ್ಟು ಸಿಕ್ಕಿಸುವ ಕವೆಗಳು, ಹಿತ್ತಾಳೆಯವು, ಹಂಸದ ಕತ್ತಿನ ಹಾಗೆ ಬಾಗಿದವು. ಆಮೇಲೆ ಹಗ್ಗ ಕಟ್ಟುವ ಗೂಟ. ಗಾಳದ ಕೋಲು ನಿಲ್ಲಿಸಲು ಕೊಳವೆ, ಆ ಕೊಳವೆಯ ಬಾಯಿಗೆ ಹೂವಿನ ದಳ. ತಳಕ್ಕೆ ಕಲ್ಲು ತಾಗದಿರಲೆಂದು ಮುಂದಿನಿಂದ ಹಿಂದಿನವರೆಗೆ ಉದ್ದನೆಯ ಹಿತ್ತಾಳೆ ಪಟ್ಟಿ, ಅದಕ್ಕೆ ಹಿತ್ತಾಳೆ ಸ್ಕ್ರೂ. ಮಧ್ಯದಲ್ಲಿ ಹಲಗೆ ಕಿತ್ತು ಒಂದು ತಿರುಗುವ ಕುರ್ಚಿ, ಅದಕ್ಕೆ ನೀರಿನ ಕೊಡದಷ್ಟು ದಪ್ಪನೆಯ ಹಿತ್ತಾಳೆ ಕಾಲು. ಕುರ್ಚಿ ಒಂದೇ. ಅದರಲ್ಲಿ ಯಾರು ಕೂರುತ್ತಾರೆಂದು ಅವಳು ಕೇಳಲಿಲ್ಲ.

ಅಳಿಯ ಒಂದು ಸಲ ಬಾಯಿ ತೆರೆದ. “ಮಾವ, ಹಿತ್ತಾಳೆಗೂ ದೋಣಿಗೂ ಮಧ್ಯ ಒಂದು ರಬ್ಬರ್ ಆದ್ರೂ—”

“ಕಿಟಕಿ ಕೂರಿಸೋನು ಕಿಟಕಿ ವಿಷಯ ಮಾತಾಡಬೇಕು.”

ಅಳಿಯ ತೆರೆದ ಬಾಯಿ ಮುಚ್ಚಿದ. ಅವಳಿಗೆ ಅವನ ಮೇಲೂ ತಾತ್ಸಾರ ಬಂತು. ಇಷ್ಟು ವರ್ಷ ತಾನೂ ಹೀಗೆಯೇ ಬಾಯಿ ಮುಚ್ಚಿಕೊಂಡಿದ್ದೆನಲ್ಲ ಎಂದು ನೆನಪಾಗಿ, ಆ ತಾತ್ಸಾರದಲ್ಲಿ ಒಂದು ಪಾಲು ತನ್ನ ಮೇಲೂ ಬಿತ್ತು.

ಕಟ್ಟಕಡೆಗೆ ಮೇಸ್ತ್ರಿ ಒಂದು ಫಲಕ ಕೊರೆದ. ಊರಿನ ವಕೀಲರ ಮನೆ ಬಾಗಿಲಿಗೂ ಅಂಥದ್ದು ಮಾಡಿಕೊಟ್ಟಿರಲಿಲ್ಲ. ಸುತ್ತ ಬಳ್ಳಿ, ನಡುವೆ ಅಕ್ಷರ. ಅದನ್ನು ದೋಣಿಯ ಮೂತಿಗೆ ಹೊಡೆದು, ಹಿಂದೆ ಸರಿದು ನಿಂತು, ಕತ್ತು ಓರೆ ಮಾಡಿ ನೋಡಿದ. ಅದರಲ್ಲಿದ್ದದ್ದು ಅವನದೇ ಹೆಸರು.

“ಹೇಗಿದೆ?” ಎಂದು ಹೆಂಡತಿಯನ್ನು ಕೇಳಿದ.

“ಹೂಂ” ಎಂದಳು.

ದೋಣಿ ನೀರಿಗೆ ಇಳಿದ ದಿನ ಕಟ್ಟೆಯ ಜನ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡು ನಕ್ಕರು. ಅಷ್ಟು ಭಾರಕ್ಕೆ ದೋಣಿಯ ಅಂಚು ನೀರಿಗೆ ಗೇಣು ದೂರದಲ್ಲಿತ್ತು. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತ. ಹೆಂಡತಿ ಹಿಂದಿನ ಹಲಗೆಯ ಮೇಲೆ ಕೂತು ಹುಟ್ಟು ಎಳೆದಳು. ಭುಜ ಚುಳುಕ್ ಎಂದರೂ ಅವಳು ಲೆಕ್ಕಿಸಲಿಲ್ಲ. ಕಂಬಗಳು ಹತ್ತಿರ ಹತ್ತಿರ ಬರುತ್ತಿದ್ದವು. ನೀರಿನ ಬಣ್ಣ ಬದಲಾಯಿತು, ಹಸಿರು ಹೋಗಿ ಕಪ್ಪಾಯಿತು. ಆಗ ಕುರ್ಚಿಯಿಂದ ಅಪ್ಪಣೆಯಾಯಿತು.

“ಸಾಕು, ತಿರುಗಿಸು.”

“ಇನ್ನೊಂದಿಷ್ಟು ದೂರ ರೀ. ಮೀನಿರೋದು ಅಲ್ಲೇ.”

“ಅಲ್ಲಿ ಮಣ್ಣಾಂಗಟ್ಟಿಯೂ ಇಲ್ಲ. ತಿರುಗಿಸು ಅಂದೆ.”

ಅವಳು ನೋಡಿದಳು. ಅವನ ಎರಡು ಕೈಯೂ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು, ಗೆಣ್ಣು ಬೆಳ್ಳಗಾಗಿತ್ತು. ಅವನಿಗೆ ಈಜು ಬರುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಹೆದರುತ್ತಾನೆಂಬುದು ಈಗ ಗೊತ್ತಾಯಿತು. ‘ಹೆದರಿಕೆ ಆಗ್ತಿದೆ ಕಣೇ’ ಎಂದು ಒಂದು ಮಾತು ಹೇಳಿದ್ದರೆ ಅವಳು ಆ ಕ್ಷಣವೇ ತಿರುಗಿಸುತ್ತಿದ್ದಳು, ಬೇಜಾರೂ ಮಾಡಿಕೊಳ್ಳುತ್ತಿರಲಿಲ್ಲ. ಅವನು ಹೇಳಲಿಲ್ಲ. “ಈ ತಗಡನ್ನ ನಂಬಿ ಅಷ್ಟು ದೂರ ಹೋಗೋಕಾಗಲ್ಲ” ಎಂದ.

ದೋಣಿಯನ್ನು ಮತ್ತೆ ಅಂಗಳಕ್ಕೆ ತರಲು ಅವನು ಬಿಡಲಿಲ್ಲ. ಅಂಗಳದಲ್ಲಿಟ್ಟರೆ ಅದನ್ನು ನೋಡುವವರಾರು? ಕಟ್ಟೆಗೇ ಸರಪಳಿ ಹಾಕಿ, ಅದಕ್ಕೊಂದು ಹಿತ್ತಾಳೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟದ ದಾರಕ್ಕೆ ಕಟ್ಟಿಕೊಂಡ. ಭಾನುವಾರ ಬಂತೆಂದರೆ ಬಟ್ಟೆ ಮತ್ತು ಪಾಲಿಶ್ ಡಬ್ಬಿ ಹಿಡಿದು ಹೋಗಿ, ಕಟ್ಟಿದ ದೋಣಿಯಲ್ಲೇ ಕೂತು ತನ್ನ ಹೆಸರು ಉಜ್ಜುತ್ತಿದ್ದ. ಅವಳು ಪಕ್ಕದ ಕಟ್ಟೆಯ ಮೇಲೆ, ಮೊದಲು ಎಲ್ಲಿ ಕೂರುತ್ತಿದ್ದಳೋ ಅಲ್ಲೇ, ಕೂತು ಬೆರಳುದ್ದದ ಮೀನು ಹಿಡಿಯುತ್ತಿದ್ದಳು. ಎದುರಿಗೆ ಕಂಬದ ಬುಡದಲ್ಲಿ ನೀರು ಸುಳಿ ತಿರುಗುತ್ತಿತ್ತು. ಒಂದೆರಡು ಸಲ ಬೀಗದ ಕೈ ಕೇಳಿದಳು. “ಒಬ್ಬಳೇ ಹೋಗಿ ಸಾಯ್ತೀಯಾ?” ಎಂದ. ಅವನ ಪ್ರೀತಿಯ ಮಾತುಗಳೆಲ್ಲ ಹೀಗೆಯೇ ಇರುತ್ತಿದ್ದವು, ಮಾತಿನೊಳಗೆ ಪ್ರೀತಿ ಇದೆಯೋ ಇಲ್ಲವೋ ಅಗೆದು ನೋಡಬೇಕು. ಅವಳಿಗೆ ಅಗೆಯುವ ಉಮೇದು ಉಳಿದಿರಲಿಲ್ಲ.

ಮಳೆಗಾಲ ಹಿಂದೆ ಸರಿದ ಮೇಲೆ ಒಂದು ಬೆಳಿಗ್ಗೆ ಕಟ್ಟೆಯಿಂದ ಸುದ್ದಿ ಬಂತು. ದೋಣಿ ಇದ್ದಲ್ಲೇ ಮುಳುಗಿತ್ತು. ನೀರಿನ ಮೇಲೆ ಕಾಣುತ್ತಿದ್ದದ್ದು ಕುರ್ಚಿಯ ಬೆನ್ನು ಮತ್ತು ಮೂತಿಯ ಫಲಕ. ಅಳಿಯ ಸೊಂಟದವರೆಗೆ ನೀರಿಗಿಳಿದು, ಕಟ್ಟೆಯವರ ಜೊತೆ ಹಗ್ಗ ಹಾಕಿ ಎಳೆದ. ಮೇಸ್ತ್ರಿ ಒಣ ಜಾಗದಲ್ಲಿ ನಿಂತು ಭಾಷಣ ಬಿಗಿದ.

“ನಾನು ಆವತ್ತೇ ಬಡ್ಕೊಂಡೆ! ತಗಡು ತಗಡೇ. ಹಂಡೆಗೂ ಇದೇ ಗತಿ, ದೋಣಿಗೂ ಇದೇ ಗತಿ. ತಂದು ಕೊಡೋರಿಗೆ ಬುದ್ಧಿ ಬೇಡವಾ?”

ಅವನ ಮುಖದಲ್ಲಿ ಇದ್ದದ್ದು ದುಃಖವಲ್ಲ, ಗೆಲುವು. ಹೆಂಡತಿಯ ದೋಣಿ ಮುಳುಗಿದ್ದಕ್ಕೆ ಮೀಸೆ ತಿರುವುವ ಗಂಡನನ್ನು ಅವಳು ಮೊದಲ ಸಲ ನೆಟ್ಟ ನೋಟದಿಂದ ನೋಡಿದಳು. ಹೊಟ್ಟೆಯೊಳಗೆ ಎಂದೋ ಆರಿಹೋಗಿದ್ದ ಕೋಪ ಬೂದಿ ಕೊಡವಿಕೊಂಡು ಎದ್ದಿತು.

ಮಾರನೆಯ ದಿನ ಅಂಗಳದಲ್ಲಿ ದೋಣಿ ಕವುಚಿ ಹಾಕಿ, ಬ್ರಷ್ ಹಿಡಿದು ಕೆಸರು ತೊಳೆಯಲು ಕೂತಳು. ಉಜ್ಜುತ್ತಾ ಹೋದ ಹಾಗೆ ತಳ ಕಾಣಿಸಿತು. ಹಿತ್ತಾಳೆ ಪಟ್ಟಿಯ ಅಂಚಿನುದ್ದಕ್ಕೂ ಬಿಳಿ ಪುಡಿ. ಬೆರಳಿನಿಂದ ಒತ್ತಿದರೆ ಸುಣ್ಣದ ಹಾಗೆ ಉದುರಿತು, ಬೆರಳು ಆಚೆಗೆ ಹೋಯಿತು. ಕುರ್ಚಿಯ ಕಾಲು ಬೋಲ್ಟ್ ಆದಲ್ಲಿ ತೂತು. ಕವೆಗಳ ಬುಡ, ಗೂಟದ ಬುಡ, ಕೊಳವೆಗಳ ಬುಡ, ಎಲ್ಲ ಕಡೆ ಅದೇ ಬಿಳಿ ಹುಣ್ಣು. ಅವುಗಳ ಆಚೆಗೆ ಇಡೀ ದೋಣಿ ಬಂದ ದಿನ ಹೇಗಿತ್ತೋ ಹಾಗೇ ಇತ್ತು. ಅದರದೇ ಹಳೆಯ ರಿವೆಟ್ಟುಗಳು ಒಂದೂ ಅಲುಗಿರಲಿಲ್ಲ.

ಅವಳು ಬ್ರಷ್ ಕೆಳಗಿಟ್ಟು ಹಿತ್ತಿಲಿಗೆ ಹೋದಳು. ಹಳೆಯ ಹಂಡೆ ಗೋಡೆಯ ಮೂಲೆಯಲ್ಲಿ ಬಿದ್ದಿತ್ತು, ಅದರಲ್ಲಿ ಯಾವುದೋ ಗಿಡ ನೆಟ್ಟಿದ್ದಳು. ಇಷ್ಟು ವರ್ಷ ಬಿಸಿಲು ಮಳೆ ಎರಡನ್ನೂ ತಿಂದ ಹಂಡೆ. ನಲ್ಲಿಯಿದ್ದ ತೂತು ಒಂದನ್ನು ಬಿಟ್ಟರೆ ಅದರ ಮೈಯಲ್ಲಿ ಮತ್ತೊಂದು ಕಲೆಯಿರಲಿಲ್ಲ. ದಿನಾ ಅದಕ್ಕೆ ನೀರು ಹಾಕಿದವಳು ಅವಳೇ, ಬಂದವರಿಗೆಲ್ಲ ಆ ತೂತು ತೋರಿಸುವಾಗ ಪಕ್ಕದಲ್ಲಿ ನಿಂತಿದ್ದವಳೂ ಅವಳೇ. ಎಲ್ಲರೂ ತೂತನ್ನು ನೋಡಿದ್ದರು, ತೂತು ಎಲ್ಲಿ ಬಿದ್ದಿದೆ ಎಂದು ಒಬ್ಬರೂ ನೋಡಿರಲಿಲ್ಲ.

ಅವಳು ಅಂಗಳಕ್ಕೆ ಬಂದಾಗ ಮೇಸ್ತ್ರಿ ಬಗ್ಗಿ ನಿಂತಿದ್ದ. ಅಳಿಯ ಪಕ್ಕದಲ್ಲಿ ತಲೆ ತಗ್ಗಿಸಿದ್ದ. ಮೇಸ್ತ್ರಿ ಬಿಚ್ಚಿದ ಒಂದು ಕವೆಯನ್ನು ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು, ಹೆಮ್ಮೆಯಿಂದ ಉಬ್ಬಿಹೋದ.

“ನೋಡೇ ಇವಳೇ, ಇಷ್ಟು ದಿನ ಉಪ್ಪುನೀರಲ್ಲಿ ಕೂತಿದೆ. ಹಿತ್ತಾಳೆಗೆ ಒಂದು ಗೀರಾದರೂ ಬಿದ್ದಿದೆಯಾ?”

“ಇಲ್ಲ ರೀ” ಎಂದಳು. “ನಿಮ್ಮದಕ್ಕೆ ಏನೂ ಆಗಿಲ್ಲ. ಯಾವತ್ತೂ ಆಗಲ್ಲ. ಪಕ್ಕದಲ್ಲಿ ಇರೋದಕ್ಕೇ ಆಗೋದು.”

ಮೇಸ್ತ್ರಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಅವನ ಕೈ ಹಿಡಿದು, ಮದುವೆಯಾದಾಗಿನಿಂದ ಹಾಗೆ ಹಿಡಿದಿರಲಿಲ್ಲ, ಅವನ ಬೆರಳನ್ನು ಒಂದೊಂದೇ ತೂತಿನ ಮೇಲಿಟ್ಟಳು. ಪಟ್ಟಿ ಇದ್ದ ಕಡೆ. ಕುರ್ಚಿ ಇದ್ದ ಕಡೆ. ಫಲಕ ಇದ್ದ ಕಡೆ. ಆಮೇಲೆ ಹಿತ್ತಿಲ ಕಡೆ ಕೈ ತೋರಿಸಿದಳು.

“ಆ ಹಂಡೆನೂ ಬೇಕಾದ್ರೆ ನೋಡ್ಕೊಂಡು ಬನ್ನಿ. ನಲ್ಲಿ ಇದ್ದ ಜಾಗ ಬಿಟ್ಟು ಬೇರೆ ಎಲ್ಲಾದರೂ ತೂತಿದೆಯಾ ಹೇಳಿ. ನೀವು ಮುಟ್ಟಿದ ಕಡೆಯೆಲ್ಲಾ ತಿಂದು ಹಾಕಿದೆ. ತಿನ್ನಿಸಿಕೊಂಡಿದ್ದಕ್ಕೇ ತಗಡು ಅಂತ ಹೆಸರಿಟ್ಟಿರಿ. ಇಷ್ಟು ವರ್ಷ ಈ ಹುಡುಗನ್ನ ಬಂದವರ ಮುಂದೆಲ್ಲಾ ನಿಲ್ಲಿಸಿಕೊಂಡು ನಕ್ಕಿರಿ.”

ಮೇಸ್ತ್ರಿ ಕೈ ಹಿಂದಕ್ಕೆ ಎಳೆದುಕೊಂಡ. ಅಳಿಯನ ಕಡೆ ನೋಡಿದ. ಅಳಿಯ ಈ ಸಲ ಹಲ್ಲು ಬಿಡಲಿಲ್ಲ, ತಲೆ ಎತ್ತಿ ಮಾವನನ್ನೇ ನೋಡುತ್ತಿದ್ದ. “ಗೊತ್ತಿತ್ತು ಮಾವ” ಎಂದ. “ಉಪ್ಪುನೀರಲ್ಲಿ ಹಿತ್ತಾಳೆ ತಾಗಿದ್ರೆ ಅಲ್ಯೂಮಿನಿಯಂ ಸವೆದುಹೋಗುತ್ತೆ. ಆವತ್ತು ರಬ್ಬರ್ ಅಂದಿದ್ದು ಅದಕ್ಕೇ.”

“ಗೊತ್ತಿದ್ದೂ ಸುಮ್ಮನಿದ್ಯಲ್ಲ, ನಿನಗೂ ನಾಚಿಕೆ ಆಗಬೇಕು” ಎಂದು ಅತ್ತೆ ಅವನಿಗೂ ಒಂದು ಬಿಟ್ಟಳು. ಆಮೇಲೆ ಗಂಡನ ಮುಂದೆ ಅಂಗೈ ಚಾಚಿದಳು. “ಬೀಗದ ಕೈ ಕೊಡಿ.”

ಮೇಸ್ತ್ರಿ ಸೊಂಟದ ದಾರ ತಡಕಿದ. ಗಂಟು ಬಿಚ್ಚಲು ತುಂಬ ಹೊತ್ತು ಹಿಡಿಯಿತು. ಸಹಾಯ ಮಾಡಬಹುದಿತ್ತು, ಅವಳು ಮಾಡಲಿಲ್ಲ.

ದೋಣಿ ಸಿದ್ಧವಾಗಲು ಈ ಸಲ ತಿಂಗಳುಗಳು ಬೇಕಾಗಲಿಲ್ಲ. ಅಳಿಯ ಕಿಟಕಿಗೆ ಹಾಕುವ ಹಾಳೆಯಲ್ಲೇ ತೇಪೆ ಕತ್ತರಿಸಿ, ನಡುವೆ ಅಂಟು ಬಳಿದು ರಿವೆಟ್ ಹೊಡೆದ. ಕಿತ್ತಿದ್ದ ಹಲಗೆಯನ್ನು ಮತ್ತೆ ಕೂರಿಸಿದ. ಹುಟ್ಟಿಗೆ ಸಾದಾ ಕವೆ, ಕೋಲು ನಿಲ್ಲಿಸಲು ಒಂದು ತುಂಡು ಪ್ಲಾಸ್ಟಿಕ್ ಪೈಪು. ನೋಡಲು ಏನೇನೂ ಚೆನ್ನಾಗಿರಲಿಲ್ಲ. ತೇಪೆ ಹಾಕಿದ ಹಳೇ ಪಾತ್ರೆಯ ಹಾಗಿತ್ತು. ನೀರಿಗೆ ಬಿಟ್ಟಾಗ ಹಗುರವಾಗಿ ತೇಲಿತು, ಅಂಚು ನೀರಿನಿಂದ ಮೊಳದಷ್ಟು ಮೇಲಿತ್ತು. ಬಿಚ್ಚಿದ ಹಿತ್ತಾಳೆಯನ್ನೆಲ್ಲ ಏನು ಮಾಡುವುದೆಂದು ಅಳಿಯ ಕೇಳಿದ. ಅವಳು ಎಲ್ಲವನ್ನೂ ಒಂದು ಸಿಮೆಂಟ್ ಚೀಲಕ್ಕೆ ತುಂಬಿಸಿ, ಬಾಯಿ ಕಟ್ಟಿಸಿ, ಅದಕ್ಕೊಂದು ಉದ್ದನೆಯ ನೈಲಾನ್ ಹಗ್ಗ ಬಿಗಿಸಿದಳು.

ಭಾನುವಾರ ಒಬ್ಬಳೇ ಹೊರಟಳು. ಯಾರೂ ಕರೆಯದಿದ್ದರೂ ಮೇಸ್ತ್ರಿ ಅಭ್ಯಾಸಬಲದಿಂದ ಕಟ್ಟೆಗೆ ಬಂದಿದ್ದ, ಇಸ್ತ್ರಿ ಅಂಗಿ ತೊಟ್ಟು, ಕೈಯಲ್ಲಿ ಪಾಲಿಶ್ ಬಟ್ಟೆ ಹಿಡಿದು. ಉಜ್ಜಲು ಏನೂ ಇರಲಿಲ್ಲ. ಅವಳು ದೋಣಿ ಹತ್ತಿದಾಗ ಒಂದು ಕಾಲು ಮುಂದಿಟ್ಟು ನಿಂತ, ಕರೆಯುತ್ತಾಳೇನೋ ಎಂಬಂತೆ. ಅವಳು ಹುಟ್ಟು ಎಳೆದಳು. ಅಷ್ಟು ದೂರ ಹೋಗಿ ಹಿಂತಿರುಗಿ ನೋಡಿದಾಗ ಅವನು ಹಾಗೇ ನಿಂತಿದ್ದ. ಪಾಪ ಅನ್ನಿಸೀತೇನೋ ಎಂದು ತುಸು ಕಾದಳು. ಅನ್ನಿಸಲಿಲ್ಲ.

ನೀರು ಹಸಿರು ಹೋಗಿ ಕಪ್ಪಾಯಿತು. ಕಂಬ ಹತ್ತಿರ ಬಂತು. ಅದರ ಮೈಗೆ ಹತ್ತಿದ ಚಿಪ್ಪುಗಳು ಕಂಡವು. ಅವಳು ಚೀಲವನ್ನು ಎರಡು ಕೈಯಲ್ಲಿ ಎತ್ತಿ ಅಂಚಿನ ಆಚೆಗೆ ಹಾಕಿದಳು. ದಬಕ್ ಎಂದಿತು. ಹಗ್ಗ ಸರಸರನೆ ಓಡಿ ನಿಂತಿತು. ದೋಣಿ ಒಂದು ಸುತ್ತು ತಿರುಗಿ ಬಿಗಿಯಾಗಿ ನಿಂತುಬಿಟ್ಟಿತು.

ಕಟ್ಟೆಯಿಂದ ಕೂಗು ಬಂತು. “ಲೇ, ನನ್ನ ಹಿತ್ತಾಳೆ ಎಲ್ಲಾ ಎಲ್ಲಿಟ್ಟಿದ್ದೀಯೇ?”

“ಇಲ್ಲೇ ಇದೆ ರೀ, ಲಂಗರಿಗೆ ಹಾಕಿದೀನಿ!” ಎಂದು ಅವಳೂ ಕೂಗಿದಳು. “ಚೆನ್ನಾಗಿ ಹಿಡ್ಕೊಂಡಿದೆ!”

ಅವಳು ಎರೆಹುಳು ಸಿಕ್ಕಿಸಿ ಗಾಳ ಇಳಿಬಿಟ್ಟಳು. ದಾರ ಇಳಿಯುತ್ತಲೇ ಹೋಯಿತು. ಕೆಳಗೆ ಕೆಸರಿನಲ್ಲಿ, ಕವೆ ಕೊಳವೆಗಳ ಜೊತೆ, ಸುತ್ತ ಬಳ್ಳಿ ಕೊರೆದ ಆ ಫಲಕವೂ ಇತ್ತು. ಅವನ ಹೆಸರು ಜೀವಮಾನದಲ್ಲಿ ಮೊದಲ ಸಲ ಅವಳ ಉಪಯೋಗಕ್ಕೆ ಬಂದಿತ್ತು.